ಡಬ್ಬಿಯ ಮೇಲಿನ ಹೆಸರು

ಯಿಶುನ್‌ನಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಯ ಮೇಜಿನ ಡ್ರಾಯರ್ ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಗೆಳೆದು ನೋಡಿದರೆ ಹಿಂದೆ ನೇರಳೆ ಬಣ್ಣದ, ಮಾವಿನಹಣ್ಣಿನ ವಾಸನೆಯ ವಸ್ತುವೊಂದು ಸಿಕ್ಕಿಕೊಂಡಿತ್ತು. ಹೈಲೈಟರ್ ಎಂದುಕೊಂಡು ಎರಡು ದಿನ ಪೆನ್ನುಗಳ ಜೊತೆ ನಿಲ್ಲಿಸಿದ್ದೆ. ಮೂರನೆಯ ದಿನ ಲಿಫ್ಟಿನ ಪಕ್ಕದ ಪೋಸ್ಟರಿನಲ್ಲಿ ಅದರದೇ ಚಿತ್ರ, ಮೇಲೆ ಕೆಂಪು ಅಡ್ಡಗೆರೆ. ವೇಪ್, ಅಂದರೆ ಇ-ಸಿಗರೇಟು. ಈ ದೇಶದಲ್ಲಿ ಅದನ್ನು ಸೇದುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ನನ್ನ ವರ್ಕ್ ಪಾಸ್ ನವೀಕರಣದ ಅರ್ಜಿ ಆಗಿನ್ನೂ ಪರಿಶೀಲನೆಯಲ್ಲಿತ್ತು.

ಎದುರಿನ ಬ್ಲಾಕಿನಲ್ಲಿದ್ದ ಚಿಕ್ಕಪ್ಪ, ಚಿಕ್ಕಮ್ಮನನ್ನು ಕರೆದೆ. ಚಿಕ್ಕಪ್ಪ ಜುರಾಂಗ್ ಐಲ್ಯಾಂಡಿನಲ್ಲಿ ಸೇಫ್ಟಿ ಇಂಜಿನಿಯರ್. ವಸ್ತುವನ್ನು ಮುಟ್ಟದೆ ಸುತ್ತಲೂ ನೋಡಿದರು. ಕಮ್ಯುನಿಟಿ ಕ್ಲಬ್ಬಿನಲ್ಲಿ ಇಂಥವನ್ನು ಹಾಕಲೆಂದೇ ಒಂದು ಪೆಟ್ಟಿಗೆ ಇಟ್ಟಿದ್ದಾರೆ, ತಾವಾಗಿ ತಂದು ಹಾಕಿದವರ ಹೆಸರು ಕೇಳುವುದಿಲ್ಲ, ದಂಡವೂ ಇಲ್ಲ ಎಂದರು. ಅವರ ಪ್ರಕಾರ ತೊಂದರೆ ಇದ್ದದ್ದು ದಾರಿಯಲ್ಲಿ.

"ಇಲ್ಲಿಂದ ಅಲ್ಲಿಗೆ ಹತ್ತು ನಿಮಿಷ ವಾಕ್. ಆ ಹತ್ತು ನಿಮಿಷ ಅದು ಯಾರ್ದು?"

ಮಡಿಯ ಮನೆಯಲ್ಲಿ ಬೆಳೆದ ಚಿಕ್ಕಮ್ಮನಿಗೆ ಇದು ಸಮಸ್ಯೆಯೇ ಆಗಿರಲಿಲ್ಲ. "ಕೈಯಲ್ಲಿ ಮುಟ್ಟಿದ್ರೆ ತಾನೇ ನಮ್ದು? ಇಕ್ಕಳದಲ್ಲಿ ಎತ್ತಿ ಸ್ಟೀಲ್ ಡಬ್ಬಿಗೆ ಹಾಕು. ಡಬ್ಬಿ ಸಮೇತ ಬಿಟ್ಟು ಬಾ. ಅದನ್ನ ಮತ್ತೆ ಅಡುಗೆಮನೆಗೆ ತರಬೇಡ."

ಬ್ಯಾಟರಿ ಹೊತ್ತಿಕೊಂಡರೂ ಸ್ಟೀಲ್ ತಡೆಯುತ್ತದೆ ಎಂದು ಚಿಕ್ಕಪ್ಪನೂ ಒಪ್ಪಿದರು. ಅವರಿಬ್ಬರು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಉಪ್ಪಿನಕಾಯಿ ಡಬ್ಬಿ ತೊಳೆದು ತಂದೆ.

ಚಿಕ್ಕಪ್ಪ ಹತ್ತು ಹೆಜ್ಜೆ ಮುಂದೆ, ನಡುವೆ ಡಬ್ಬಿ ಹಿಡಿದ ನಾನು, ಮುಚ್ಚಳ ಬಿಚ್ಚಿಕೊಂಡರೆ ಇರಲಿ ಎಂದು ಇಕ್ಕಳ ಹಿಡಿದ ಚಿಕ್ಕಮ್ಮ ಹಿಂದೆ. ಬ್ಲಾಕಿನ ಅಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಚೆಸ್ ಆಡುತ್ತಿದ್ದ ಅಂಕಲ್ ಒಬ್ಬರು ಊಟವೇ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಇಡೀ ಪ್ರಕರಣದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

ಡಬ್ಬಿ ಪೆಟ್ಟಿಗೆಯೊಳಗೆ ದೊಡ್ಡ ಸದ್ದು ಮಾಡಿ ಬಿತ್ತು. ಚಿಕ್ಕಪ್ಪ ಗಡಿಯಾರ ನೋಡಿ, ಒಂಬತ್ತು ನಿಮಿಷ ಎಂದರು.

ಅರ್ಧ ದಾರಿ ಹಿಂದಿರುಗಿದ ಮೇಲೆ ನನಗೆ ನೆನಪಾಯಿತು. ಅದು ಮೈಸೂರಿನಿಂದ ಹೊರಡುವಾಗ ಅಮ್ಮ ಕೊಟ್ಟ ಡಬ್ಬಿ. ನಮ್ಮ ಮನೆಯ ಎಲ್ಲ ಪಾತ್ರೆಗಳಂತೆ ಅದರ ಮೇಲೂ ಹೆಸರು ಕೊರೆಸಿದ್ದರು: ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಬಡಾವಣೆ.

ಚಿಕ್ಕಪ್ಪ ನಿಂತರು. "ಇಂಗ್ಲಿಷಲ್ಲಿದ್ಯಾ?"

"ಕನ್ನಡದಲ್ಲಿ."

"ಹಾಗಾದ್ರೆ ರಿಸ್ಕ್ ಲೋ," ಎಂದು ಮತ್ತೆ ನಡೆದರು.

ಪಾಸ್ ಮುಂದಿನ ತಿಂಗಳು ಬಂತು. ಆದರೂ ಎಂಆರ್‌ಟಿ ರೈಲಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಈಗ ತಕ್ಷಣ ತಿರುಗಿ ನಗುವುದಿಲ್ಲ. ಮೊದಲು ಅವರ ಕೊರಳಲ್ಲಿರುವ ಗುರುತಿನ ಚೀಟಿಯಲ್ಲಿ ಯಾವ ಇಲಾಖೆ ಎಂದು ಓದುತ್ತೇನೆ.