ಭಾವನ ಜೇಬಿನ ಹೇರ್‌ಪಿನ್

ಭಾವನ ಅಂಗಿಯ ಎಡಜೇಬಿಗೆ, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಹೆಂಗಸರ ಕಪ್ಪು ಹೇರ್‌ಪಿನ್ ಒಂದು ಸದಾ ಸಿಕ್ಕಿಕೊಂಡಿರುತ್ತಿತ್ತು. ನನ್ನ ಅಕ್ಕನದೇ. ಕಲ್ಯಾಣದ ಪಕ್ಕದ ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿದ್ದ ತಮ್ಮ ತಗಡಿನ ಗ್ಯಾರೇಜಿಗೆ ಬರುವ ಹಳೆಯ ಆಟೊಮ್ಯಾಟಿಕ್ ಗಾಡಿಗಳ ಕಾಯಿಲೆಯನ್ನು ಭಾವ ಪತ್ತೆ ಮಾಡುತ್ತಿದ್ದದ್ದು ಅದರಿಂದ. ಗಾಡಿಯೊಳಗಿನ ಪರೀಕ್ಷಾ ಸಾಕೆಟ್ಟಿನ ಎರಡು ತೂತುಗಳಿಗೆ ಪಿನ್ನನ್ನು ಚುಚ್ಚಿದರೆ ಸ್ಟೇರಿಂಗಿನೆದುರಿನ ಪುಟ್ಟ ದೀಪ ಮಿನುಗತೊಡಗುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರು ತನ್ನ ದೂರು ಹೇಳುವುದು ಹಾಗೆ. ಎಷ್ಟು ಸಲ ಮಿನುಗಿತು ಎನ್ನುವುದೇ ಕೋಡ್. ಭಾವ ಶನಿವಾರದ ಭಜನೆಯಲ್ಲಿ ತಾಳ ಹಾಕುವವರು. ಈ ಮಿನುಗನ್ನೂ ತೊಡೆಯ ಮೇಲೆ ತಾಳ ಹಾಕಿಯೇ ಎಣಿಸುತ್ತಿದ್ದರು.

ಸುಳ್ಳೇಕೆ ಹೇಳಲಿ, ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ನಾನು ಡಿಪ್ಲೊಮಾ ಮಾಡಿದವನು. ಕಲ್ಯಾಣದಲ್ಲಿ ದೊಡ್ಡ ಗ್ಯಾರೇಜು, ಅದರಲ್ಲಿ ಗಾಡಿಯ ಕೋಡ್ ಓದುವ, ಅಂಗೈಯಗಲದ ಪರದೆಯ ಸ್ಕ್ಯಾನರು. ಅವರೋ ಹತ್ತನೆಯ ತರಗತಿ ಮುಗಿಸದೆ ಕಾರ್ಕಳದಿಂದ ಬಂದು ಸ್ಪ್ಯಾನರ್ ಹಿಡಿದವರು. ಆದರೂ ನಮ್ಮಪ್ಪನ ಬಾಯಲ್ಲಿ ನಾನು ‘ಇವ’, ಅವರು ‘ಅಳಿಯಂದಿರು’. ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರದೆ ಗ್ರೀಸು ಮೆತ್ತಿಕೊಂಡೆನೆಂದು ಅಪ್ಪನಿಗೆ ನನ್ನ ಮೇಲೆ ಸಿಟ್ಟು. ಅಳಿಯನ ಗ್ರೀಸು ಏನು ಗಂಧವೇ?

ಅಪ್ಪನಿಗೊಂದು ಹಳೆಯ ಆಟೊಮ್ಯಾಟಿಕ್ ಫೋರ್‌ವೀಲ್ ಗಾಡಿಯಿತ್ತು. ಎಂಥ ಮಳೆ, ಎಂಥ ಹೊಂಡವಿದ್ದರೂ ಅದು ಬೆಳಿಗ್ಗೆ ಕಲ್ಯಾಣದ ಹೋಟೆಲಿನಿಂದ ನೌಪಾಡಾದ ಹೋಟೆಲಿಗೆ ದೋಸೆ ಹಿಟ್ಟು ಮುಟ್ಟಿಸುತ್ತಿತ್ತು. ಡ್ರೈವರ್ ಇದ್ದರೂ ಹಿಟ್ಟಿನ ಕ್ಯಾನನ್ನು ಅಪ್ಪ ತಾನೇ ಎಡಸೀಟಿನಲ್ಲಿ ಕೂತು ಎರಡು ಕಾಲುಗಳ ನಡುವೆ ಹಿಡಿದುಕೊಳ್ಳುತ್ತಿದ್ದ. ಒಂದು ದಿನ ಆ ಗಾಡಿ ಮೂರನೆಯ ಗೇರಿನಲ್ಲೇ ಸಿಕ್ಕಿಹಾಕಿಕೊಂಡಿತು. ಭಾವ ಊರಿಗೆ ಹೋಗಿದ್ದರು. ಆದ್ದರಿಂದಷ್ಟೇ ಅದು ನನ್ನಲ್ಲಿಗೆ ಬಂತು. ಇದೊಂದನ್ನು ಸರಿಮಾಡಿದರೆ ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬಂದೀತು ಎಂದುಕೊಂಡೆ. ನನಗೆ ಬೇಕಿದ್ದದ್ದು ಅದೊಂದೇ.

ನನ್ನ ಸ್ಕ್ಯಾನರಿನ ಪ್ಲಗ್ಗು ಅಷ್ಟು ಹಳೆಯ ಗಾಡಿಗೆ ಕೂರಲೇ ಇಲ್ಲ. ನಾಚಿಕೆ ಬಿಟ್ಟು ಒಂದು ವೈರು ಚುಚ್ಚಿ ಎಣಿಸಿದೆ. ಆರು ಮಿನುಗು, ಬಿಡುವು, ಎರಡು ಮಿನುಗು. ಗೇರ್ ಬದಲಿಸುವ ಸೊಲೆನಾಯ್ಡಿನ ಕೋಡ್ ಅದು. ಹೊಸ ಸೊಲೆನಾಯ್ಡ್ ಹಾಕಿದೆ. ಮತ್ತೆ ಆರು, ಎರಡು. “ಕಂಪ್ಯೂಟರೇ ಹೋಗಿದೆ ಅಪ್ಪ, ಇದೆಲ್ಲ ಈಗ ಸಿಗೂದಿಲ್ಲ. ಗಾಡಿ ಮಾರಿಬಿಡಿ,” ಎಂದೆ.

“ಅಳಿಯಂದಿರು ಬರ್ಲಿ,” ಎಂದ ಅಪ್ಪ.

ಬಂದರು. ನನ್ನದೇ ಗ್ಯಾರೇಜಿನಲ್ಲಿ, ನನ್ನ ಕೆಲಸದವರೆಲ್ಲ ನೋಡುತ್ತಿರುವಾಗ ಹೇರ್‌ಪಿನ್ ಚುಚ್ಚಿ ತೊಡೆ ತಟ್ಟಿದರು. “ಆರು, ಎರಡು. ಸರಿಯಾಗೇ ಓದಿದ್ದಿ ನೀನು.” ಆಮೇಲೆ ಎಡಸೀಟಿನಲ್ಲಿ ಸುಮ್ಮನೆ ಕೂತು ಮೂಗರಳಿಸಿದರು.

“ಎಂತ ಮಾರಾಯ, ಇಲ್ಲಿ ಹುಳಿಹಿಟ್ಟಿನ ವಾಸನೆ ಬರ್ತದಲ್ಲ?”

“ಅಪ್ಪನ ಗಾಡಿ ಅಲ್ವಾ ಭಾವ, ಮತ್ತೆಂತ ಮಲ್ಲಿಗೆ ವಾಸನೆ ಬರ್ಬೇಕಾ?”

ನಾನು ಹುಟ್ಟಿದ್ದೇ ಆ ವಾಸನೆಯಲ್ಲಿ. ನನ್ನ ಮೂಗಿಗೆ ಅದು ವಾಸನೆಯೇ ಅಲ್ಲ. ಭಾವ ಬಗ್ಗಿ ಮ್ಯಾಟ್ ಎತ್ತಿದರು, ಅದರಡಿಯ ಕಾರ್ಪೆಟ್ ಸರಿಸಿದರು. ಗೇರ್‌ಬಾಕ್ಸಿನ ಕಂಪ್ಯೂಟರು ಅಲ್ಲೇ ಇತ್ತು. ಅದರ ಪ್ಲಗ್ಗಿನ ಮೇಲೆ ಒಣಗಿದ ಹಿಟ್ಟು ಬಿಳಿಯಾಗಿ ಹತ್ತಿ, ಪಿನ್ನುಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಕ್ಯಾನ್ ತುಳುಕಿಸಿದವರು ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಭಾವ ಸ್ಪಿರಿಟ್ಟು, ಹಲ್ಲುಜ್ಜುವ ಹಳೇ ಬ್ರಷ್ಷು ತರಿಸಿ ತಿಕ್ಕಿದರು. ದೀಪ ಆರಿತು. ಗಾಡಿ ನಾಲ್ಕೂ ಗೇರಿಗೆ ಸಲೀಸಾಗಿ ಬಿತ್ತು.

“ಸೇಠ್, ಜೀಜಾಜಿ ಕೀ ನಾಕ್ ಹೀ ಸ್ಕ್ಯಾನರ್ ಹೈ!” ಎಂದ ನನ್ನ ಹಿರಿಯ ಮೆಕ್ಯಾನಿಕ್ಕು. ಭಾವನ ಮೂಗೇ ಸ್ಕ್ಯಾನರಂತೆ! ನನಗೆ ಮೈಯೆಲ್ಲ ಉರಿಯಿತು.

“ಮಾವ, ಕೋಡ್ ಹಿಡಿದದ್ದು ನಿಮ್ಮ ಮಗನೇ. ನಾನು ಬರೀ ಒರೆಸಿದ್ದು,” ಎಂದರು ಭಾವ. ಅಪ್ಪನಿಗೆ ಅದು ಕೇಳಿಸಲೇ ಇಲ್ಲ. ಭಾವ ನನ್ನನ್ನು ಒಮ್ಮೆ ಹಂಗಿಸಿದ್ದರೂ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಹೊರಡುವಾಗ ಹೇರ್‌ಪಿನ್ ನನ್ನ ಮುಂದೆ ಹಿಡಿದು, “ಇಟ್ಕೋ, ನಿಂಗೂ ಬೇಕಾಗ್ತದೆ,” ಎಂದರು. “ನನ್ನ ಹತ್ರ ಸ್ಕ್ಯಾನರ್ ಉಂಟು,” ಎಂದೆ. ನಕ್ಕು ಜೇಬಿಗೆ ಸಿಕ್ಕಿಸಿಕೊಂಡರು.

ಹೋದ ವರ್ಷ ಭಾವ ತೀರಿಕೊಂಡರು. ಗ್ಯಾರೇಜಿನಲ್ಲೇ, ಯಾರದೋ ಗಾಡಿಯ ಸೀಟಿನಲ್ಲಿ ಕೂತಲ್ಲೇ ಎದೆಬಡಿತ ನಿಂತಿತು. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅಕ್ಕನ ಹತ್ತಿರ ಆ ಪಿನ್ನನ್ನು ನಾನೇ ಬಾಯಿಬಿಟ್ಟು ಕೇಳಿ ತೆಗೆದುಕೊಂಡೆ.

ಮೊನ್ನೆ ಅಪ್ಪನ ಗಾಡಿ ಮತ್ತೆ ಕೆಟ್ಟಿತು. ಬೇರೆ ದಾರಿಯಿಲ್ಲದೆ ಅಪ್ಪ ನನ್ನಲ್ಲಿಗೆ ತಂದ. ನಾನು ಸ್ಕ್ಯಾನರಿನ ಪೆಟ್ಟಿಗೆ ತೆರೆಯಲಿಲ್ಲ. ಪಿನ್ ಚುಚ್ಚಿ ತೊಡೆಯ ಮೇಲೆ ತಾಳ ಹಾಕಿದೆ. ತಾಳಜ್ಞಾನವಿಲ್ಲದವ, ಮೂರು ಸಲ ತಪ್ಪಿ ನಾಲ್ಕನೆಯ ಸಲ ಎಣಿಕೆ ಸಿಕ್ಕಿತು. ಆಮೇಲೆ ಏನನ್ನೂ ಬಿಚ್ಚದೆ ಸೀಟಿನಲ್ಲಿ ಕೂತು ಮೂಸಿದೆ. ಹಿಟ್ಟಲ್ಲ, ಇಲಿ ಉಚ್ಚೆ. ಕಾರ್ಪೆಟ್ ಎತ್ತಿದರೆ ಕಡಿದ ವೈರು ಕಣ್ಣೆದುರಿಗೇ ಇತ್ತು.

ವೈರು ಜೋಡಿಸಿ ಕೊಟ್ಟೆ. ಅಪ್ಪ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದ. ಇಳಿದು ನನ್ನ ಮುಖವನ್ನೇ ನೋಡಿದ. “ಥೇಟ್ ಅಳಿಯಂದಿರ ಹಾಗೇ ಮಾಡಿದಿ ನೋಡು,” ಎಂದ.

ನಾನು ಅಷ್ಟು ವರ್ಷ ಕಾದಿದ್ದ ಮಾತು. ಅದರಲ್ಲೂ ಅವರೇ ಕೂತಿದ್ದರು.

“ಅವರೇ ಕಲ್ಸಿದ್ದು ಅಪ್ಪ,” ಎಂದೆ. ಹೊಟ್ಟೆಕಿಚ್ಚು ಇನ್ನೂ ಉರಿಯುತ್ತಲೇ ಇತ್ತು. ಪಿನ್ನನ್ನು ಒರೆಸಿ ಎಡಜೇಬಿಗೆ ಸಿಕ್ಕಿಸಿಕೊಂಡೆ.