ಶಾಂತಿಯ ಗಾಡಿಗೆ ಸೂರು ಸಿಕ್ಕಿದ್ದು

“ಬತ್ತೀನಿ ಅಂದ ದೊಡ್ಡವ್ವ. ಬತ್ತೀನಿ ಅಂದ್ಮೇಲೆ ಬರ್ಬೇಕಲ್ವಾ? ಸೋಮವಾರ ಅಂದ. ಡ್ಯೂಟಿಗೆ ಲೇಟಾದ್ರೆ ಆಗ್ಲಿ ಅಂತ ಬಾಗಿಲಲ್ಲೇ ಕುಂತಿದ್ದೆ. ಬರ್ಲಿಲ್ಲ. ಫೋನ್ ಮಾಡುದ್ರೆ ‘ದಾರೀಲಿ ಇವ್ನಿ ಅಕ್ಕ, ಬತ್ತಾ ಇವ್ನಿ’ ಅಂದ. ಅದ್ಯಾವ ದಾರಿನೋ ಕಾಣೆ, ಮುಗೀಲೇ ಇಲ್ಲ. ಆಮೇಲೆ ಒಂದಿನ ಬಂದ. ಬಂದೋನು ನಾಲ್ಕು ಮೂಲೆಗೆ ನಾಲ್ಕು ಗುಂಡಿ ತೆಗ್ಸಿ, ಟೇಪ್ ಸುತ್ಕಂಡು, ‘ಬತ್ತೀನಿ ಅಕ್ಕ’ ಅಂದ. ಗುಂಡಿ ಇಲ್ಲೇ ಅವೆ, ಅವ್ನಿಲ್ಲ. ನಾನೇನು ಅರಮನೆ ಕಟ್ಕೊಡು ಅಂದ್ನಾ? ಗಾಡಿ ನೆನೀದಂಗೆ ನಾಲ್ಕು ಕಂಬ, ಮೇಲಕ್ಕೆ ಶೀಟು, ಬಾಗಿಲಿಂದ ಇಳಿಯಕ್ಕೊಂದು ಇಳಿಜಾರು. ಅಷ್ಟೇಯ. ಗಾಡಿ ನೆಂದ್ರೆ ಸ್ಟಾರ್ಟ್ ಆಗಲ್ಲ. ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಬಸ್ಸು. ಬಸ್ಸು ಅಂದ್ರೆ ನಿಂಗೊತ್ತಲ್ಲ, ಮೆಟ್ಲು ಹತ್ತಕ್ಕೆ ಯಾರಾದ್ರೂ ಕಂಕುಳಿಗೆ ಕೈ ಕೊಟ್ಟು ಎತ್ಬೇಕು. ಎತ್ತೋರು ಒಳ್ಳೇವ್ರೇ ಇರ್ಲಿ, ಎತ್ತಿಸ್ಕಳೋಳು ನಾನಲ್ವಾ? ಈ ಗಾಡಿ ಬಂದ್ಮೇಲೆ ನನ್ನ ಯಾರೂ ಎತ್ತಿಲ್ಲ ದೊಡ್ಡವ್ವ. ಓದ್ವರ್ಸ ಮಳೇಲಿ ಇಲಿ ವೈರೆಲ್ಲ ಕಡ್ದಾಕಿ ಅರ್ಧಕ್ಕರ್ಧ ದಿನ ರಜ ಆಗೋಯ್ತು. ಮೇಡಮ್ಮು ಈ ಸಲ ಹೇಳ್ಬುಟ್ಟವ್ರೆ, ‘ಶಾಂತಿ, ಈ ಮಳೆಗಾಲಾನೂ ಇಂಗೇ ಆದ್ರೆ ಆ ಟೇಬಲ್ಲಿಗೆ ಬೇರೆಯವ್ರನ್ನ ಕೂರಿಸ್ತೀನಿ’ ಅಂತ. ಅವರ್ದೇನು ತಪ್ಪು? ರೋಗಸ್ಥರು ಬೆಳಗಾನೆ ಬಂದು ನಿಂತಿರ್ತಾರೆ. ಚೀಟಿ ಬರೆಯೋಳೇ ಇಲ್ಲ ಅಂದ್ರೆ?”

ಶಾಂತಿ ಇದನ್ನೆಲ್ಲ ಹೇಳಿದ್ದು ನಮ್ಮಿಬ್ಬರ ಹಿತ್ತಿಲ ನಡುವಿನ ಮೋಟುಗೋಡೆಯ ಆ ಕಡೆ ನಿಂತು. ನಾನು ಈ ಕಡೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಆಗಲೇ ಮೇ ತಿಂಗಳು ಅರ್ಧ ಕಳೆದಿತ್ತು. ಮಧ್ಯಾಹ್ನವಾದರೆ ಸಾಕು, ಅರಸೀಕೆರೆ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಅವಳು ಮಾತಾಡುತ್ತಲೇ ಒಂದು ಕಣ್ಣು ಮೋಡದ ಮೇಲಿಟ್ಟಿದ್ದಳು.

ನಮ್ಮದು ದುದ್ದ. ಶಾಂತಿ ಪಕ್ಕದ ಮನೆಯ ಮಾದಮ್ಮನ ಒಬ್ಬಳೇ ಮಗಳು. ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಎಡಗಾಲು ಬಿದ್ದುಹೋಯಿತು. ಅವಳ ಅಪ್ಪ ಬೈರಯ್ಯ ಬದುಕಿರುವವರೆಗೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದ. ಪಿಯುಸಿ ಮುಗಿಸಿದಳು. ಈಗ ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಬಾಗಿಲ ಹತ್ತಿರದ ಮೇಜಿನಲ್ಲಿ ಕುಳಿತು ಬಂದವರ ಹೆಸರು, ವಯಸ್ಸು, ಏನು ತೊಂದರೆ ಅಂತ ಕೇಳಿ ಚೀಟಿ ಬರೆದುಕೊಡುತ್ತಾಳೆ. ನಾನೂ ಒಮ್ಮೆ ಮಂಡಿನೋವಿಗೆ ಹೋಗಿದ್ದೆ. ಒಬ್ಬ ಅಜ್ಜ ತನ್ನ ಹೊಟ್ಟೆನೋವಿನ ಕಥೆಯನ್ನು ಹೆಂಡತಿ ಸತ್ತಲ್ಲಿಂದ ಶುರುಮಾಡಿದ. ಇವಳು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. ಆಮೇಲೆ ಬರೆದದ್ದು ಎರಡೇ ಮಾತು, ಹೊಟ್ಟೆ ನೋವು ಅಂತ. ಆ ಅಜ್ಜ ಅರ್ಧ ವಾಸಿಯಾದವನ ಹಾಗೆ ಬೆಂಚಿನ ಮೇಲೆ ಹೋಗಿ ಕುಳಿತ.

ನಾಲ್ಕು ವರ್ಷದ ಹಿಂದೆ ಮೂರು ಚಕ್ರದ ಸ್ಕೂಟರ್ ತೆಗೆದುಕೊಂಡಳು. ಅದಕ್ಕೆ ಮುಂಚೆ ಅವಳು ಬಸ್ಸಿಗೆ ಹೋಗುವುದನ್ನು ನಾನು ದಿನಾ ನೋಡುತ್ತಿದ್ದೆ. ಬಸ್ಸು ನಿಂತ ಕೂಡಲೇ ತಲೆ ತಗ್ಗಿಸಿಬಿಡುತ್ತಿದ್ದಳು. ಗಾಡಿ ಬಂದ ಮೇಲೆ ತಲೆ ಎತ್ತಿಕೊಂಡು, ಹೆಲ್ಮೆಟ್ಟಿನೊಳಗೆ ಏನೋ ಗುನುಗಿಕೊಂಡು ಹೋಗುತ್ತಾಳೆ. ಅದಕ್ಕೇ ಈ ಶೆಡ್ಡಿನ ಮಾತು ನನಗೂ ಮನಸ್ಸಿಗೆ ಹತ್ತಿತ್ತು.

ಗುಂಡಿ ತೋಡಿ ಹೋದವನು ಧರ್ಮೇಂದ್ರ ಅಂತ. ಶೆಡ್ಡು, ಗ್ರಿಲ್ಲು, ಗೇಟು ಮಾಡಿಸಿಕೊಡುವ ಹಾಸನದ ಕಂಟ್ರಾಕ್ಟರು. ನೋಡಲು ಲಕ್ಷಣವಾದವನು, ಮಾತು ಬೆಲ್ಲ. ಮೊದಲ ದಿನ ಮಾದಮ್ಮ ಕೊಟ್ಟ ಕಾಫಿ ಕುಡಿದು, “ನಿಮ್ಮ ಕೈಯಿನ ಕಾಫಿ ಕುಡ್ದು ಮೋಸ ಮಾಡುದ್ರೆ ಉಳೀತೀನಾ ಅವ್ವ?” ಅಂದಿದ್ದ. ಮೋಸವೇನೂ ಅವನು ಮಾಡಲಿಲ್ಲ. ಬರಲಿಲ್ಲ, ಅಷ್ಟೆ.

ಆ ಗುಂಡಿಗಳು ಮಾತ್ರ ಕೆಲಸ ಮಾಡುತ್ತಲೇ ಇದ್ದವು. ಮಾದಮ್ಮನ ಕೋಳಿಮರಿಗಳು ದಿನಕ್ಕೊಂದು ಒಳಗೆ ಬೀಳುತ್ತಿದ್ದವು. ಶಾಂತಿ ಕೋಲೂರಿಕೊಂಡು ಬಟ್ಟೆ ಒಣಹಾಕಲು ಹೋದರೆ ತಾಯಿಯ ಜೀವ ಬಾಯಿಗೆ ಬರುತ್ತಿತ್ತು. ಇನ್ನೊಂದು ತಾಪತ್ರಯ ಆಮೇಲೆ ಗೊತ್ತಾಯಿತು. ಬೇರೆ ಇಬ್ಬರನ್ನು ಕರೆಸಿದರು. ಇಬ್ಬರೂ ಹಿತ್ತಿಲಿಗೆ ಬಂದು, ಗುಂಡಿ ನೋಡಿ, “ಇದ್ಯಾರು ತೆಗ್ದಿದ್ದು?” ಅಂತ ಕೇಳಿ, ಹೆಸರು ಹೇಳಿದ ಕೂಡಲೇ ಹಿಂದಕ್ಕೆ ಸರಿದರು. ಅವರಲ್ಲಿ ಅದೊಂದು ಕಟ್ಟಳೆ. ಒಬ್ಬ ಗುಂಡಿ ತೆಗೆದ ಜಾಗಕ್ಕೆ ಇನ್ನೊಬ್ಬ ಕೈ ಹಾಕುವುದಿಲ್ಲ. ಗುಂಡಿ ಅಂದರೆ ಬಸ್ಸಿನ ಸೀಟಿಗೆ ಹಾಕಿದ ಟವಲ್ಲು ಇದ್ದ ಹಾಗೆ. ಧರ್ಮೇಂದ್ರ ಟವಲ್ಲು ಹಾಕಿ ಬೇರೆ ಬಸ್ಸು ಹತ್ತಿದ್ದ.

“ಹಂಗಾದ್ರೆ ಮುಚ್ಬುಡನ ಗುಂಡಿಯ. ಯಾರಿಗೆ ಗೊತ್ತಾಯ್ತದೆ?” ಅಂದಳು ಮಾದಮ್ಮ.

“ಹೊಸ ಮಣ್ಣು ಕಾಣಲ್ವಾ ಅವ್ವ? ಅವ್ರೇನು ಕುರುಡ್ರಾ?” ಅಂದಳು ಶಾಂತಿ.

ಗುಂಡಯ್ಯನ ಹೆಸರು ಸಿಕ್ಕಿದ್ದು ನರ್ಸಿಂಗ್ ಹೋಮಿನ ಅಡುಗೆಯ ಕಾಮಾಕ್ಷಮ್ಮನಿಂದ. ಆಕೆಯದು ಹೊಳೆನರಸೀಪುರದ ಕಡೆಯ ಹಳ್ಳಿ. ಅವರ ಮನೆಯ ದನದ ಕೊಟ್ಟಿಗೆ ಕಟ್ಟಿದ್ದು ಅವನೇ ಅಂತೆ. “ಕೆಲ್ಸ ಚೆಂದ ಮಾಡ್ತಾನೆ. ಮಾತು ಮಾತ್ರ ಒರಟು ಕಣಮ್ಮ. ಮೊದಲ್ನೇ ದಿನ ನಮ್ಮತ್ತೆ ಬೇಜಾರು ಮಾಡ್ಕಂಡಿದ್ರು. ನೀನು ಮಾಡ್ಕಬೇಡ,” ಅಂದಳಂತೆ. ಬೇಜಾರು ಯಾಕೆ ಅಂತ ಶಾಂತಿ ಕೇಳಲಿಲ್ಲ. ಕೇಳಿದ್ದರೆ ಮುಂದಿನ ಫಜೀತಿ ಇರುತ್ತಿರಲಿಲ್ಲ.

ಅವನು ಭಾನುವಾರ ಬಂದ. ಅರಕಲಗೂಡು ಕಡೆಯವನು, ಐವತ್ತರ ಆಚೀಚೆ, ಕುಳ್ಳಗೆ ಗಟ್ಟಿ ಆಳು. ಕಾಫಿ ಬೇಡ, ನೀರು ಸಾಕು ಅಂದ. ಗುಂಡಿ ನೋಡಿದ. ಯಾರದು ಅಂತ ಕೇಳಿದ, ಶಾಂತಿ ಹೇಳಿದಳು. ಹೂಂ ಅಂದ. ಆಮೇಲೆ, “ಗಾಡಿ ಒಂದ್ಸಲ ಒಳಕ್ಕೆ ತಂದು ಈಚೆಗೆ ತಗಳವ್ವ, ನೋಡನ,” ಅಂದ. ಶಾಂತಿ ಮನೆ ಪಕ್ಕದ ಸಂದಿಯಿಂದ ಗಾಡಿ ತಂದು, ತಿರುಗಿಸಿ, ಆಚೆ ತೆಗೆದಳು. ಅವನು ಚಕ್ರದ ಗುರುತನ್ನೇ ನೋಡುತ್ತಿದ್ದ.

“ಇಳಿಯೋದು ಯಾವ್ ಕಡೀಕೆ?”

“ಬಲಗಡೆಗೆ. ಬಲಗಾಲು ಗಟ್ಟಿ.”

“ಕೋಲು ಎಲ್ಲಿಡ್ತೀಯ?”

ಶಾಂತಿ ಅವನ ಮುಖ ನೋಡಿದಳು. ಹಿಂದೆ ಬಂದವರು ಯಾರೂ ಕೋಲಿನ ಮಾತೆತ್ತಿರಲಿಲ್ಲ. “ಗೋಡೆಗೆ ಒರಗುಸ್ತೀನಿ. ಜಾರಿ ಬೀಳ್ತಾ ಇರ್ತದೆ,” ಅಂದಳು.

ಅವನು ಹೂಂ ಅಂದು, ಉಳಿದ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ಲೋಟ ಕಟ್ಟೆಯ ಮೇಲಿಟ್ಟ. ಬಾಗಿಲ ತನಕ ಹೋಗಿ ತಿರುಗಿ, “ಓಯ್ತೀನಿ,” ಅಂದ.

ಮಾದಮ್ಮನ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಯಾರೂ ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ. ಸಾಲ ಕೇಳಲು ಬಂದವನೂ, ಜಗಳ ಮಾಡಿಕೊಂಡವನೂ ಬರುತ್ತೇನೆ ಅಂತಲೇ ಹೇಳಿ ಹೋಗುತ್ತಾನೆ. ಹೋಗುತ್ತೇನೆ ಅಂದರೆ ಮತ್ತೆ ಬರದ ಹೋಗು ಅಂತ ಅರ್ಥ. ಅದರಲ್ಲೂ ಒಂದು ಕೆಲಸ ಶುರುವಾಗುವ ಮನೆಯಲ್ಲಿ.

“ಏ ಅಪ್ಪ, ಬತ್ತೀನಿ ಅಂದು ಓಗಪ್ಪ. ಗಂಡಸಿಲ್ದ ಮನೆ,” ಅಂದಳು.

“ಅನ್ನಕ್ಕಾಗಲ್ಲ ಕಣವ್ವ,” ಅಂದ ಅವನು. ಮೊಪೆಡ್ ಹತ್ತಿ ಹೋಗಿಯೇಬಿಟ್ಟ.

ಮಾದಮ್ಮ ಮೋಟುಗೋಡೆಯ ಹತ್ತಿರ ಬಂದು ನನ್ನ ಮುಂದೆ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ನೋಡ್ದಾ ಅಕ್ಕ? ಬತ್ತೀನಿ ಅಂದೋನೂ ಬರ್ಲಿಲ್ಲ. ಇವ್ನು ಬಾಯಿಬುಟ್ಟು ಓಯ್ತೀನಿ ಅಂದ. ಇವ್ನು ಬಂದಾನಾ?”

ನನಗೂ ಹಾಗೇ ಅನ್ನಿಸಿತು. ಶಾಂತಿ ಮಾರನೆಯ ದಿನ ಅಂಗಡಿಯಿಂದ ದಪ್ಪ ಟಾರ್ಪಾಲು ತಂದು ಗಾಡಿಗೆ ಎರಡು ಸುತ್ತು ಸುತ್ತಿ ಹಗ್ಗ ಕಟ್ಟಿದಳು. ಕಟ್ಟಲು ಒಂದು ಹೊತ್ತು, ಬೆಳಿಗ್ಗೆ ಬಿಚ್ಚಲು ಇನ್ನೊಂದು ಹೊತ್ತು. ಗುರುವಾರ ಒಂದು ಮಳೆ ಬಿತ್ತು. ಶುಕ್ರವಾರ ಗಾಡಿ ಕೆಮ್ಮಿತು, ಹೊರಡಲಿಲ್ಲ. ಅವಳು ಕೋಲು ತೆಗೆದುಕೊಂಡು ಬಸ್ಸಿಗೆ ಹೋದಳು. ಕಂಡಕ್ಟರ್ ಕೈ ಕೊಟ್ಟ. ತಲೆ ತಗ್ಗಿಸಿದ್ದನ್ನು ನಾನು ಜಗಲಿಯಿಂದ ನೋಡಿದೆ. ಅವತ್ತು ಸಂಜೆ ಅವಳು ಮೋಟುಗೋಡೆಯ ಕಡೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಫೋನು ಬಂತು. ಶಾಂತಿ ಅದನ್ನು ಕಿವಿಗಿಟ್ಟುಕೊಂಡು ಹೂಂ, ಹೂಂ ಅಂದಳು. ಇಟ್ಟ ಮೇಲೆ ತಾಯಿಯ ಮುಖ ನೋಡಿದಳು.

“ಯಾರವ್ವ?”

“ಗುಂಡಯ್ಯ. ‘ಸೋಮವಾರ ಬತ್ತೀನಿ’ ಅಂದ.”

“ಇನ್ನೇನಂದ?”

“ಅಷ್ಟೇ ಅಂದ. ಮಡಗ್ಬುಟ್ಟ.”

“ಬತ್ತೀನಿ ಅಂದ್ನಾ? ಮುಗೀತು ಬುಡು. ಇವ್ನೂ ಕಲ್ತ್ಕಂಡ,” ಅಂದಳು ಮಾದಮ್ಮ.

ಸೋಮವಾರ ನಾನು ಬಾಗಿಲಿಗೆ ನೀರು ಹಾಕುವಾಗಲೇ ಮೊಪೆಡ್ಡಿನ ಸದ್ದು ಕೇಳಿಸಿತು. ಹಿಂದೆ ಒಂದು ಲಗೇಜ್ ಆಟೋದಲ್ಲಿ ಪೈಪು, ಶೀಟು, ಜಲ್ಲಿ, ಇಬ್ಬರು ಆಳು. ಮಾದಮ್ಮ ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಳು. ಗುಂಡಯ್ಯ ನೇರ ಹಿತ್ತಿಲಿಗೆ ಹೋಗಿ ಗುಂಡಿ ಅಳೆದು, ಎರಡನ್ನು ಮುಚ್ಚಿಸಿ ಬೇರೆ ಕಡೆ ತೋಡಿಸಲು ಹಿಡಿದ. ಗಾಡಿ ತಿರುಗುವ ಜಾಗಕ್ಕೆ ಅವು ಅಡ್ಡ ಬರುತ್ತಿದ್ದವಂತೆ.

ತಿಂಡಿಯ ಹೊತ್ತಿಗೆ ಮಾದಮ್ಮನಿಗೆ ತಡೆಯಲಾಗಲಿಲ್ಲ. ರೊಟ್ಟಿ ಹಾಕುತ್ತಾ ಕೇಳಿದಳು, “ಅಲ್ಲ ಕಣಪ್ಪ, ಅವತ್ತು ಯಾಕಂಗಂದೆ? ಬತ್ತೀನಿ ಅಂದಿದ್ರೆ ಬಾಯಿ ಸವೀತಿತ್ತಾ?”

“ಗುಂಡಿ ಧರ್ಮೇಂದ್ರನ್ದು ಕಣವ್ವ. ಅವ್ನು ಬುಡ್ದೆ ನಾನು ಬರಂಗಿಲ್ಲ. ಬುಡ್ತಾನೋ ಇಲ್ವೋ ಅವತ್ತು ನಂಗೇನು ಗೊತ್ತು? ಬೂವನಳ್ಳೀಲಿ ಕೆಲ್ಸ ಮಾಡುಸ್ತಾ ಅವ್ನೆ ಅಂದ್ರು, ಅಲ್ಲೀಗಂಟ ಓದೆ. ‘ನಾಳೆ ಹೇಳ್ತೀನಿ ಗುಂಡಣ್ಣ’ ಅಂದ. ನಾಳೆ ಓದ್ರೆ ಇನ್ನೊಂದು ನಾಳೆ ಅಂದ. ಶುಕ್ರವಾರ ಅವ್ನ ಪಕ್ಕ ಕುಂತ್ಕಂಡೆ, ಮೇಲಕ್ಕೇಳ್ಲಿಲ್ಲ. ಕಡೀಗೆ, ‘ತಗಳಣ್ಣ, ಬುಟ್ಟೆ’ ಅಂದ. ಆಮೇಲೆ ನಿಮ್ಗೆ ಫೋನ್ ಮಾಡ್ದೆ.”

“ಅದ್ನೇ ಅವತ್ತು ಬುಡಿಸಿ ಹೇಳ್ಬಾರ್ದಿತ್ತಾ? ನಾವಿಲ್ಲಿ ಕಣ್ಣೀರಾಕಂಡು ಕುಂತಿದ್ದೋ.”

ಗುಂಡಯ್ಯ ರೊಟ್ಟಿ ಮುರಿಯುತ್ತಾ ಯೋಚಿಸಿದ. “ಹೇಳ್ಬೌದಿತ್ತು,” ಅಂದ. “ನಮ್ಮನೇಲೂ ಇದೇ ಬೈತಾರೆ.”

“ಗುಂಡಿ ಮುಚ್ಚಕ್ಕೆ ಗುಂಡಯ್ಯನೇ ಬರ್ಬೇಕಿತ್ತೇನೋ,” ಅಂದಳು ಮಾದಮ್ಮ. ಆಳುಗಳು ನಕ್ಕರು. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು.

ಆ ವಾರವೆಲ್ಲ ಕೆಲಸ ನಡೆಯಿತು. ಒಂದು ದಿನ ಸಂಜೆ ಅವನು ಹೊರಡುವಾಗ, “ಓಯ್ತೀನಿ. ನಾಳಿಕ್ಕೆ ತಂಗಿ ಮನೇಲಿ ಕಾರ್ಯ,” ಅಂದ. ಮಾದಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೆಯ ದಿನ ಕಾಯಲೂ ಇಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡಳು. ಯಾರನ್ನೂ ಕಾಯದ ದಿನ ಕೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅಕ್ಕ ಅಂತ ನನಗೆ ಹೇಳಿದಳು.

ಕಂಬ ನಿಂತಿತು, ಶೀಟು ಕೂತಿತು, ಇಲಿ ನುಗ್ಗದ ಹಾಗೆ ಸುತ್ತ ಸಣ್ಣ ಜಾಲರಿ ಬಂತು. ಹಿತ್ತಿಲ ಬಾಗಿಲಿನಿಂದ ಶೆಡ್ಡಿನವರೆಗೆ ಇಳಿಜಾರು, ಜಾರದ ಹಾಗೆ ಗೀರು ಹಾಕಿದ್ದು. ಗಾಡಿ ನಿಲ್ಲುವ ಬಲಗಡೆಯ ಕಂಬಕ್ಕೆ ಒಂದು ಕಬ್ಬಿಣದ ಕೊಂಡಿ. ಅದು ಕೋಲಿಗೆ.

ಕಡೆಯ ದಿನ ಮೂರು ಗಂಟೆಗೆ ಮಳೆ ಹಿಡಿಯಿತು. ಮುಂಗಾರಿನದೇ ಮಳೆ, ಹಿತ್ತಿಲ ಆ ಕೊನೆ ಕಾಣದ ಹಾಗೆ. ಆಳುಗಳು ಹೋಗಿದ್ದರು. ಗುಂಡಯ್ಯ ಹೋಗಲಿಲ್ಲ. ಶೆಡ್ಡಿನೊಳಗೆ ತಲೆ ಎತ್ತಿಕೊಂಡು, ಶೀಟಿನ ಒಂದೊಂದು ಮೊಳೆಯನ್ನೂ ನೋಡುತ್ತಾ ನಿಂತ. ಮಾದಮ್ಮನೂ ನಾನೂ ಅವನ ಪಕ್ಕ ನಿಂತು ಮೇಲೆ ನೋಡಿದೆವು. ಒಂದು ಹನಿ ಬೀಳಲಿಲ್ಲ. ಆದರೂ ಮಾದಮ್ಮನ ಕಣ್ಣು ಸಂದಿಯ ಕಡೆಗೇ ಇತ್ತು. ಮಗಳು ಇನ್ನೂ ಬಂದಿರಲಿಲ್ಲ.

ಗಾಡಿಯ ದೀಪ ಸಂದಿಯಲ್ಲಿ ಕಂಡಿತು. ಶಾಂತಿ ರೇನ್‌ಕೋಟಿನಲ್ಲಿ ತೊಪ್ಪೆಯಾಗಿ ಬಂದು, ನಿಲ್ಲಿಸದೆ ನೇರ ಒಳಗೆ ನುಗ್ಗಿಸಿ ಗಾಡಿ ಆಫ್ ಮಾಡಿದಳು. ಇಳಿಯಲಿಲ್ಲ. ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು, ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಕೇಳುತ್ತಾ ಸುಮ್ಮನೆ ಕುಳಿತಳು. ಆಮೇಲೆ ಬಲಗಡೆಗೆ ಇಳಿದು, ಕೊಂಡಿಯಲ್ಲಿ ಕೋಲು ಸಿಕ್ಕಿಸಿ, ಕೈ ಬಿಟ್ಟು ನೋಡಿದಳು. ಜಾರಲಿಲ್ಲ.

“ಮೇಡಮ್ಮು ಕೇಳುದ್ರು, ‘ಮಳೆ ಬಂತಲ್ಲ ಶಾಂತಿ, ನಾಳೆ?’ ಅಂತ,” ಅಂದಳು. “‘ನಾಳೆ ಬತ್ತೀನಿ ಮೇಡಮ್’ ಅಂದೆ.”

ಮಳೆ ಬಿಟ್ಟ ಮೇಲೆ ಗುಂಡಯ್ಯ ಹೊರಟ. ಬಾಗಿಲಲ್ಲಿ ನಿಂತು ತನ್ನ ಮಾತು ಹೇಳಿದ, “ಓಯ್ತೀನಿ ಕಣವ್ವ.”

ಮಾದಮ್ಮ ಬಿಡಲಿಲ್ಲ. “ಇವತ್ತಾದ್ರೂ ಬತ್ತೀನಿ ಅನ್ನು ಮಾರಾಯ. ಕೆಲ್ಸ ಮುಗೀತಲ್ಲ, ಇನ್ನೇನು ನಿಂಗೆ?”

“ಬತ್ತೀನಿ ಅಂದ್ರೆ ಶೆಡ್ಡು ಸೋರ್ತದೆ ಅಂತ ಅರ್ಥ ಕಣವ್ವ,” ಅಂದ ಗುಂಡಯ್ಯ. “ಅನ್ಲಾ?”

“ಬ್ಯಾಡ ಬ್ಯಾಡ. ಓಗಪ್ಪ. ಸುಖವಾಗಿ ಓಗು,” ಅಂದಳು ಮಾದಮ್ಮ. ಅವಳು ಜೀವಮಾನದಲ್ಲಿ ಒಬ್ಬರಿಗೆ ಬಾಗಿಲಲ್ಲಿ ನಿಂತು ಹೋಗು ಅಂದದ್ದು ಅದೇ ಮೊದಲಿರಬೇಕು. ನಾನು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡೆ.

ಮಾರನೆಯ ಬೆಳಿಗ್ಗೆಯೂ ಜಿಟಿಜಿಟಿ ಇತ್ತು. ಶಾಂತಿ ಇಳಿಜಾರಿನಲ್ಲಿ ಇಳಿದು, ಗಾಡಿ ಹತ್ತಿ ಸ್ಟಾರ್ಟ್ ಗುಂಡಿ ಒತ್ತಿದಳು. ಗಾಡಿ ಒಂದೇ ಸಲಕ್ಕೆ ಹೊರಟಿತು. “ಬತ್ತೀನಿ ಅವ್ವ, ಬತ್ತೀನಿ ದೊಡ್ಡವ್ವ,” ಅಂದು ಸಂದಿ ದಾಟಿದಳು. ಅಷ್ಟರಲ್ಲಿ ಬೀದಿಯ ನಲ್ಲಿಯಲ್ಲಿ ಗೊರಗೊರ ಅಂತ ಗಾಳಿ ಬಂದು ಆಮೇಲೆ ನೀರು ಬಂತು. ಮಾದಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲ ಕೊಡ ಇಟ್ಟಳು. ನಾನು ನನ್ನದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಅವಳದರ ಹಿಂದೆ ಇಟ್ಟೆ.