ಕಾಲಿಗೆ ಎರಡು ಮಾತ್ರೆ

2025ರ ಆಗಸ್ಟ್ 9, ಎರಡನೇ ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಯಲಬುರ್ಗಾದ ದಾನೇಶ್ವರಿ, ಗಂಗಾವತಿ ಬಳಿಯ ಮರಳಿ ಎಂಬ ಊರಿನ ಭತ್ತದ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನೊಳಗೆ ನಿಂತು ತನ್ನ ಎಡಗಾಲನ್ನು ಕಿತ್ತುಕೊಳ್ಳಲು ಹೆಣಗುತ್ತಿದ್ದಳು. ನಾಟಿಗೆ ಬಾಗಿದ್ದ ಆರು ಹೆಂಗಸರು ನಗು ತಡೆದುಕೊಂಡಿದ್ದರು.

"ಹಿಮ್ಮಡ ಮೊದ್ಲ ಎತ್ರಿ ಅಕ್ಕಾರ," ಎಂದಳು ಅವರ ಮುಂದಾಳು ಹುಲಗಮ್ಮ. "ಬೆರಳ ಎತ್ತಿದ್ರ ಕೆಸರು ಬಿಡಂಗಿಲ್ಲ."

ದಾನೇಶ್ವರಿಗೆ ಆಗ ನಲವತ್ತೊಂದು ವರ್ಷ. ಹೊಟ್ಟೆಪಾಡಿಗೆ ಮಣ್ಣು ಪರೀಕ್ಷೆಯ ಕೆಲಸ, ಉಳಿದ ಹೊತ್ತೆಲ್ಲ ಹಾರ್ಮೋನಿಯಂ. ಹೊಲದ ಕೆಲಸಗಳ ಮೇಲೆ ಹನ್ನೊಂದು ಹಾಡು ಬರೆದು ತಾನೇ ರಾಗ ಹಾಕಿದ್ದಳು. ಆ ಬೇಸಿಗೆಯಲ್ಲಿ ಅವುಗಳಲ್ಲಿ ಕೆಲವನ್ನು ಯಲಬುರ್ಗಾದಲ್ಲಿಯೂ ಕುಷ್ಟಗಿಯಲ್ಲಿಯೂ ಹಾಡಿಸಿದ್ದಳು. ಕುಷ್ಟಗಿಯಲ್ಲಿ ಮಳೆ ಹನಿಯತೊಡಗಿದರೂ ಜನ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ನಿಂತೇ ಕೇಳಿದ್ದರು. ಸೆಪ್ಟೆಂಬರ್ 14ಕ್ಕೆ ಗಂಗಾವತಿಯ ಕಾರ್ಯಕ್ರಮ ನಿಶ್ಚಯವಾಗಿತ್ತು. ಅಲ್ಲಿ ನಾಟಿಯ ಹಾಡನ್ನು ನಾಟಿ ಮಾಡುವವರೇ ಹಾಡಬೇಕೆಂಬುದು ಅವಳ ಹಟ.

ಎಡವಿದ್ದು ಅಲ್ಲಿಯೇ. ಹಿಂದಿನ ಭಾನುವಾರ ಹುಲಗಮ್ಮನ ಮನೆಯ ಕಟ್ಟೆಯ ಮೇಲೆ ತಾಲೀಮು ನಡೆದಿತ್ತು. ಸಾಲಿಗೆ ಎಂಟು ಮಾತ್ರೆ. ಹೆಂಗಸರು ಮಾತ್ರ ಒಂದು ಸಾಲು ಮುಗಿಸಿ ನಿಲ್ಲುತ್ತಿದ್ದರು, ಮುಂದಿನದಕ್ಕೆ ತಡವಾಗಿ ಬರುತ್ತಿದ್ದರು. ಒಂದು ತಾಸು ಚಪ್ಪಾಳೆ ತಟ್ಟಿ ಎಂಟೆಂಟು ಎಣಿಸಿದ ಮೇಲೆ ದಾನೇಶ್ವರಿ ತಾಳ್ಮೆಗೆಟ್ಟು, ನಿಮಗೆ ತಾಳವೇ ಗೊತ್ತಿಲ್ಲ ಎಂದುಬಿಟ್ಟಳು. ಮೂವತ್ತು ವರ್ಷ ಹಾಡುತ್ತಲೇ ನಾಟಿ ಮಾಡಿದ ಹುಲಗಮ್ಮ ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಎದ್ದಳು.

"ತಾಳ ಬರದವ್ರು ಗಂಗಾವತಿಗೆ ಬಂದು ಏನ ಮಾಡೂದೈತ್ರಿ?"

ಬೇರೆ ಗಾಯಕಿಯರು ಸಿಗುತ್ತಿದ್ದರು. ಆದರೆ ಇವರಿಲ್ಲದೆ ಆ ಹಾಡು ತನ್ನದೆಂದು ಹೇಳಿಕೊಳ್ಳಲು ದಾನೇಶ್ವರಿಗೆ ಮನಸ್ಸು ಬರಲಿಲ್ಲ. ಐದನೆಯ ದಿನ ಫೋನ್ ಮಾಡಿದಳು. ಕಟ್ಟೆಯ ಮೇಲೆ ಕೂತದ್ದು ಸಾಕು, ಒಮ್ಮೆ ಗದ್ದೆಗೆ ಇಳಿದು ನೋಡಿ ಎಂದಿದ್ದಳು ಹುಲಗಮ್ಮ.

ಹೆಂಗಸರು ಈಗ ಹಾಡು ಎತ್ತಿಕೊಂಡರು. ಹಾಡಿನ ಒಂದು ಸಾಲು ಮುಗಿಯುವಷ್ಟರಲ್ಲಿ ಸಸಿಯದೂ ಒಂದು ಸಾಲು ಮುಗಿಯುತ್ತಿತ್ತು. ಆಮೇಲೆ ಮೌನ, ಹಿಮ್ಮಡಿ ಎತ್ತಿ, ಕಾಲು ಕಿತ್ತು, ಒಂದು ಹೆಜ್ಜೆ ಹಿಂದಕ್ಕೆ. ಮತ್ತೆ ಹಾಡು. ದಾನೇಶ್ವರಿ ಬೆರಳು ಮಡಿಚಿ ಎಣಿಸಿದಳು. ನಲವತ್ತು ಸಾಲುಗಳಲ್ಲಿ ಮೂವತ್ತೇಳು ಸಲ ಆ ಮೌನ ಸರಿಯಾಗಿ ಎರಡು ಮಾತ್ರೆ. ಉಳಿದ ಮೂರು ಸಲ ಅವಳದೇ ಕಾಲು ಸಿಕ್ಕಿಕೊಂಡು ಎಲ್ಲರೂ ಕಾಯಬೇಕಾಯಿತು.

ಆ ರಾಗವನ್ನು ಅವಳು ಕಟ್ಟಿದ್ದು ಯಲಬುರ್ಗಾದಲ್ಲಿ, ಎರೆಹೊಲದ ದಾರಿಯಲ್ಲಿ ಕೆಲಸಕ್ಕೆ ನಡೆಯುತ್ತ. ಒಣನೆಲ ಯಾರ ಕಾಲನ್ನೂ ಹಿಡಿಯುವುದಿಲ್ಲ. ದಿನವೂ ಮಣ್ಣು ಅಳೆಯುವವಳಿಗೆ ಇದು ಹೊಳೆದಿರಲಿಲ್ಲ.

"ತಾಳ ಬರದಾಕಿ ನಾನ, ಹುಲಗಮ್ಮಕ್ಕ," ಎಂದಳು.

ಹುಲಗಮ್ಮ ಸಸಿಯ ಕಟ್ಟೊಂದನ್ನು ಅವಳ ಕೈಗಿಟ್ಟಳು. "ಹಂಗಾರ ಹಚ್ರಿ. ಮಧ್ಯಾಹ್ನದೊಳಗ ಕಲೀತೀರಿ."

ಗಂಗಾವತಿಗೆ ಆರೂ ಜನ ಬಂದರು. ನವೆಂಬರಿನಲ್ಲಿ ಕೊಪ್ಪಳಕ್ಕೂ ಬಂದರು. ಮುಂದಿನದು ಬೇವೂರಿನ ಬಿತ್ತನೆಯ ಹಾಡುಗಳು. ಅಲ್ಲಿನ ರೈತ ಹಾಲೇಶನಿಗೆ ದಾನೇಶ್ವರಿ ಈಗಾಗಲೇ ಹೇಳಿಟ್ಟಿದ್ದಾಳೆ: ಮೊದಲು ಅವನ ಕೂರಿಗೆಯ ಹಿಂದೆ ಎರಡು ದಿನ ನಡೆಯುವುದು, ಹಾರ್ಮೋನಿಯಂ ಮುಟ್ಟುವುದು ಆಮೇಲೆ.

ಅವಳಿಗೆ ಎಲ್ಲಕ್ಕಿಂತ ಹೆಮ್ಮೆ ಗಂಗಾವತಿಯ ಆ ಸಂಜೆಯದು. ಪ್ರತಿ ಸಾಲಿನ ಕೊನೆಗೆ ಹಾರ್ಮೋನಿಯಂ, ತಬಲಾ ಎರಡೂ ನಿಲ್ಲುತ್ತಿದ್ದವು. ಆರು ಜನ ಹಿಂದಕ್ಕೆ ಸರಿಯುವ ಸದ್ದಷ್ಟೇ ಕೇಳುತ್ತಿತ್ತು. ಹಾಡು ಮುಗಿದಾಗ ಅವಳ ಗುರುಗಳಾದ ವಿರುಪಣ್ಣ ಮಾಸ್ತರು ಮುಂದಿನ ಸಾಲಿನಿಂದ ಎದ್ದು, ಇದು ಎಷ್ಟು ಮಾತ್ರೆಯ ತಾಳ ಎಂದು ಕೇಳಿದರು. ದಾನೇಶ್ವರಿ ಮೈಕನ್ನು ಹುಲಗಮ್ಮನ ಕೈಗೆ ಕೊಟ್ಟಳು.

ಹುಲಗಮ್ಮ ಸೆರಗು ಸರಿಮಾಡಿಕೊಂಡಳು.

"ಬಾಯಿಗೆ ಎಂಟ, ಕಾಲಿಗೆ ಎರಡ್ರಿ. ಕೂಡಿ ಹತ್ತು."